ಬಿರುಗಾಳಿಯ ಸೀಮೆಯಲ್ಲಿ ಉಕ್ಕಿನ ತಗಡಿನ ಕಮಾನು ಮನೆ

ಕಾರ್ಖಾನೆಯಲ್ಲಿಯೇ ಬಗ್ಗಿಸಿ, ರಂಧ್ರ ಕೊರೆದು, ಅಂಕೆ ಗುರುತು ಹಾಕಿ ಕಳುಹಿಸಲ್ಪಟ್ಟ ಉಕ್ಕಿನ ತಗಡುಗಳನ್ನು ನಿವೇಶನಕ್ಕೆ ತಂದು, ಬೋಲ್ಟುಗಳಿಂದ ಒಂದಕ್ಕೊಂದು ಜೋಡಿಸಿ, ಒಳಗೆ ಕಂಬ ತೊಲೆಗಳ ಆಸರೆಯಿಲ್ಲದೆ, ಸೀಳಿದ ಪೀಪಾಯಿಯನ್ನು ಬೋರಲಾಗಿಟ್ಟಂತೆ ನಿಲ್ಲಿಸುವ ಮನೆಗಳು ಅಮೆರಿಕಾ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ನಮ್ಮ ದೇಶದಲ್ಲಿಯೂ ಈಚೆಗೆ ಉಗ್ರಾಣಗಳಿಗೂ ಮಾರುಕಟ್ಟೆಯ ಪ್ರಾಂಗಣಗಳಿಗೂ ಕಮಾನಿನ ಆಕಾರದ ಉಕ್ಕಿನ ಛಾವಣಿಗಳನ್ನು ಹಾಕುವ ರೂಢಿ ಬಂದಿದೆ. ಸರ್ಕೀಟಿನ ಕಾಲದಲ್ಲಿ ಇಂತಹುದನ್ನು ಕಂಡ ಜಮೀನುದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಇದು ಗಾಳಿಗೆ ತಡೆಯುವುದೇ ಸ್ವಾಮಿ?" ಈ ಪ್ರಶ್ನೆಗೆ ಉತ್ತರವನ್ನು, ಗಾಳಿಯು ಕಟ್ಟಡಗಳನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸುವ ಸೀಮೆಯಲ್ಲಿಯೇ ಹುಡುಕುವುದು ಯುಕ್ತವಾದುದರಿಂದ, ಅಮೆರಿಕಾದ ಆಗ್ನೇಯ ಮೂಲೆಯಲ್ಲಿರುವ ಫ್ಲಾರಿಡಾ ಸಂಸ್ಥಾನದ ಅನುಭವವನ್ನು ಇಲ್ಲಿ ವಿವರಿಸಲಾಗಿದೆ.

ಫ್ಲಾರಿಡಾ ಮೂರು ಕಡೆಗಳಲ್ಲಿ ಸಮುದ್ರದಿಂದ ಆವೃತವಾದ ತಗ್ಗು ಪ್ರದೇಶ. ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತದ ಜಾತಿಯದೇ ಆದ ಗಾಳಿಯನ್ನು ಅಲ್ಲಿ ಹರಿಕೇನ್ ಎಂದೂ, ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಟೈಫೂನ್ ಎಂದೂ ಕರೆಯುವರು. ಗಾಳಿಯ ವೇಗವು ಘಂಟೆಗೆ 74 ಮೈಲಿ, ಅಂದರೆ 119 ಕಿಲೋಮೀಟರು, ಮುಟ್ಟಿದರೆ ಅದು ಹರಿಕೇನ್ ಎನಿಸುವುದು. 157 ಮೈಲಿ ಅಥವಾ ಅದಕ್ಕೆ ಮೇಲ್ಪಟ್ಟರೆ ಐದನೆಯ ಮತ್ತು ಕಡೆಯ ದರ್ಜೆಗೆ ಸೇರುವುದು. ಜೂನ್ 1 ರಿಂದ ನವೆಂಬರ್ 30 ರವರೆಗೆ ಅದರ ಋತು. ನಮ್ಮ ರೈತನು ಮಳೆಯ ನಕ್ಷತ್ರಗಳನ್ನು ಎಣಿಸುವಂತೆ ಅಲ್ಲಿಯ ಗೃಹಸ್ಥನು ಈ ಆರು ತಿಂಗಳುಗಳನ್ನು ಎಣಿಸುತ್ತಾನೆ.

ಕಮಾನು ಮನೆಯು ಹುಟ್ಟಿದ್ದು ಯುದ್ಧದ ಅವಸರದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916 ರಲ್ಲಿ, ಬ್ರಿಟಿಷ್ ಸೈನ್ಯದ ಇಂಜಿನಿಯರಾಗಿದ್ದ ಪೀಟರ್ ನಾರ್ಮನ್ ನಿಸೆನ್ ಎಂಬಾತನು ಡೊಂಕು ತಗಡಿನ ಅರ್ಧವರ್ತುಲದ ಗುಡಿಸಲನ್ನು ರಚಿಸಿದನು. ಕೆಲವೇ ಆಳುಗಳು ಕೆಲವೇ ಘಂಟೆಗಳಲ್ಲಿ ಅದನ್ನು ಎತ್ತಿ ನಿಲ್ಲಿಸಬಹುದಾಗಿತ್ತು. 1941 ರಲ್ಲಿ ಅಮೆರಿಕಾದ ನೌಕಾಪಡೆಯು ಅದನ್ನೇ ತಿದ್ದಿ, ರೋಡ್ ಐಲೆಂಡ್ ಸಂಸ್ಥಾನದ ಕ್ವಾನ್ಸೆಟ್ ಪಾಯಿಂಟ್ ಎಂಬಲ್ಲಿ ತಯಾರಿಸತೊಡಗಿತು. ಆ ಸ್ಥಳದ ಹೆಸರೇ ಈ ಕಟ್ಟಡಕ್ಕೂ ನಿಂತಿತು. ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಒಂದೂವರೆ ಲಕ್ಷದಷ್ಟು ಕ್ವಾನ್ಸೆಟ್ ಗುಡಿಸಲುಗಳು ತಯಾರಾದುವು. ತರುವಾಯ ಮಿಕ್ಕವು ಸಾರ್ವಜನಿಕರಿಗೆ ಮಾರಲ್ಪಟ್ಟು, ಕೆಲವು ವಾಸದ ಮನೆಗಳಾದುವು, ಕೆಲವು ರೈತರ ಕಣಜಗಳೂ ದನದ ಕೊಟ್ಟಿಗೆಗಳೂ ಆದುವು. ಯುದ್ಧಕಾಲದ ಗುಡಿಸಲಿನಲ್ಲಿ ತೆಳು ತಗಡಿಗೆ ಒಳಗಿನಿಂದ ಉಕ್ಕಿನ ಪಕ್ಕೆಲುಬುಗಳ ಆಸರೆ ಇತ್ತು. ಈಗ ಮಾರಾಟವಾಗುವ ಮನೆಗಳಲ್ಲಿ ಪಕ್ಕೆಲುಬುಗಳಿಲ್ಲ. ಆಳವಾದ ಮಡಿಕೆಗಳುಳ್ಳ ದಪ್ಪ ತಗಡೇ ಪಕ್ಕೆಲುಬಿನ ಕೆಲಸವನ್ನೂ ಮಾಡುವುದು. ಎರಡೆರಡು ಅಡಿ ಅಗಲದ ಕಮಾನುಗಳನ್ನು ಒಂದರ ಪಕ್ಕದಲ್ಲೊಂದು ನಿಲ್ಲಿಸಿ ಬೋಲ್ಟು ಹಾಕುತ್ತ ಹೋದರೆ ಬೇಕಾದಷ್ಟು ಉದ್ದದ ಮನೆಯಾಗುವುದು.

ಯುದ್ಧದಲ್ಲಿ ಪಾಸಾದ ಕಟ್ಟಡವು ಗಾಳಿಯಲ್ಲಿಯೂ ಪಾಸಾಗುವುದೆಂದು ಭಾವಿಸಲಾಗದು. ಪೆಸಿಫಿಕ್ ಸಾಗರದಲ್ಲಿ ಅಮೆರಿಕಾದ ಅಧೀನದಲ್ಲಿರುವ ಗುವಾಮ್ ದ್ವೀಪದಲ್ಲಿ ಯುದ್ಧಾನಂತರ ಕ್ವಾನ್ಸೆಟ್‌ಗಳೂ ಮರದ ಮನೆಗಳೂ ತುಂಬಿದ್ದುವು. 1962 ನೆಯ ನವೆಂಬರ್ 11 ರಂದು ಕ್ಯಾರೆನ್ ಎಂಬ ಟೈಫೂನ್ ಬೀಸಿ ದ್ವೀಪದ ಮನೆಗಳಲ್ಲಿ ಬಹುಪಾಲನ್ನು ಕೆಡವಿತು ಅಥವಾ ಕೆಡಿಸಿತು. ಕ್ವಾನ್ಸೆಟ್‌ಗಳ ತಗಡುಗಳು ಕಿತ್ತು ಹಾರಿದುವು. ಅಂದಿನಿಂದ ಗುವಾಮಿನ ಜನರು ಕಾಂಕ್ರೀಟು ಮನೆಗಳ ಕಡೆಗೆ ತಿರುಗಿದರು. ಆದುದರಿಂದ "ಕಮಾನಿನ ಆಕಾರವೇ ಗಾಳಿಯನ್ನು ಜಾರಿಸಿಬಿಡುವುದು, ಬೇರೇನೂ ಬೇಡ" ಎಂದು ಮಾರಾಟಗಾರರು ಹೇಳುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕಮಾನಿನಲ್ಲಿ ಗುಣವಿರುವುದು ನಿಜ. ಗಾಳಿಯು ಕೈಹಾಕಿ ಎತ್ತಲು ಸಾಮಾನ್ಯ ಮನೆಗಿರುವಂತೆ ಅದಕ್ಕೆ ಹೊರಚಾಚಿದ ಸೂರಿಲ್ಲ, ಚೂಪು ಮೂಲೆಗಳಿಲ್ಲ. ಆದರೆ ಆ ಗುಣವು ಫಲಿಸಬೇಕಾದರೆ ಕಮಾನಿನ ಕಾಲುಗಳೂ ಎರಡು ಬಾಯಿಗಳೂ ಭದ್ರವಾಗಿರಬೇಕು. ಮನೆ ಹೋಗುವುದು ಅಲ್ಲಿಂದಲೇ.

ಫ್ಲಾರಿಡಾಕ್ಕೆ ಈ ಪಾಠವನ್ನು ಕಲಿಸಿದ್ದು ಆಂಡ್ರೂ ಎಂಬ ಹರಿಕೇನ್. 1992 ನೆಯ ಆಗಸ್ಟ್ 24 ರ ಬೆಳಗಿನ ಜಾವ ಅದು ಮಯಾಮಿ ನಗರಕ್ಕೆ ದಕ್ಷಿಣದಲ್ಲಿರುವ ಹೋಮ್‌ಸ್ಟೆಡ್ ಸೀಮೆಯ ಮೇಲೆ ಹಾಯಿತು. ಗಾಳಿಯ ವೇಗ ಘಂಟೆಗೆ 165 ಮೈಲಿ. ಹೋಮ್‌ಸ್ಟೆಡ್ ತೋಟಗಾರಿಕೆಯ ಸೀಮೆ. ನಿಂಬೆಯ ಜಾತಿಯ ಲೈಮ್, ಬೆಣ್ಣೆಹಣ್ಣು, ಮಾವು ಇವುಗಳ ತೋಟಗಳು ಒಂದೇ ಬೆಳಗಿನಲ್ಲಿ ಬುಡಮೇಲಾದುವು. ಲೈಮ್ ಬೆಳೆಯಂತೂ ಆ ಪೆಟ್ಟಿನಿಂದ ಪುನಃ ಚೇತರಿಸಿಕೊಳ್ಳಲಿಲ್ಲ. 25,000 ಕ್ಕೂ ಹೆಚ್ಚು ಮನೆಗಳು ಪೂರ್ತಿಯಾಗಿ ನಾಶವಾದುವು. ತರುವಾಯ ಪರೀಕ್ಷಿಸಿದ ಇಂಜಿನಿಯರುಗಳಿಗೆ ಕಂಡುಬಂದ ವಿಷಯಗಳು ಕ್ಷುಲ್ಲಕವೆಂಬಂತೆ ತೋರುವುವು. ಛಾವಣಿಯ ಹಲಗೆಗಳಿಗೆ ಬಡಿದ ಮೊಳೆಗಳು ಅನೇಕ ಕಡೆಗಳಲ್ಲಿ ಕೆಳಗಿನ ಪಕಾಸಿಗೆ ತಾಗದೆ ಪಕ್ಕದಲ್ಲಿ ಇಳಿದಿದ್ದುವು. ಮೋಟಾರು ಕೊಟ್ಟಿಗೆಯ ಅಗಲವಾದ ಬಾಗಿಲುಗಳು ಒಳಕ್ಕೆ ಬಾಗಿ ಮುರಿದಿದ್ದುವು. ಮನೆಯ ತ್ರಿಕೋಣಾಕಾರದ ಪಕ್ಕದ ಗೋಡೆಗಳು ಮೊದಲು ಬಿದ್ದು, ಛಾವಣಿಯನ್ನೂ ಎಳೆದುಕೊಂಡು ಹೋಗಿದ್ದುವು. ಸಾಮಗ್ರಿಯಲ್ಲಿ ದೋಷವು ಕಡಿಮೆ. ಒಂದು ಭಾಗವು ಇನ್ನೊಂದು ಭಾಗವನ್ನು ಹಿಡಿಯುವ ಕೀಲುಗಳಲ್ಲಿಯೇ ದೋಷ ಹೆಚ್ಚು. ಇದರ ಫಲವಾಗಿ 2002 ನೆಯ ಮಾರ್ಚ್ 1 ರಿಂದ ಇಡೀ ಸಂಸ್ಥಾನಕ್ಕೆ ಒಂದೇ ಕಟ್ಟಡ ಸಂಹಿತೆಯು ಜಾರಿಗೆ ಬಂದಿತು.

ಗಾಳಿಯ ಬಲವನ್ನು ಅಂಕೆಗಳಲ್ಲಿ ನೋಡಿದ ಹೊರತು ಈ ವಿಷಯವು ಮನಸ್ಸಿಗೆ ಹಿಡಿಯದು. ವೇಗವು ಎರಡರಷ್ಟಾದರೆ ಒತ್ತಡವು ನಾಲ್ಕರಷ್ಟಾಗುವುದೆಂಬುದು ಮೊದಲು ತಿಳಿಯತಕ್ಕ ಸಂಗತಿ. ಘಂಟೆಗೆ 80 ಮೈಲಿ ವೇಗದ ಗಾಳಿಯು ಎದುರಿಗಿರುವ ಸಮತಲದ ಮೇಲೆ ಚದರಡಿಗೆ ಸುಮಾರು 16 ಪೌಂಡುಗಳಷ್ಟು ಒತ್ತುವುದು. 160 ಮೈಲಿಗೆ ಸುಮಾರು 65 ಪೌಂಡು. ಈಗ 30 ಅಡಿ ಅಗಲ, 40 ಅಡಿ ಉದ್ದದ ಅರ್ಧವರ್ತುಲ ಮನೆಯೊಂದನ್ನು ತೆಗೆದುಕೊಳ್ಳೋಣ. ಅದರ ತಗಡಿನ ಹರವು 1,885 ಚದರಡಿ. ತಗಡು ಚದರಡಿಗೆ ಸುಮಾರು 2 ಪೌಂಡು ತೂಗಿದರೆ ಇಡೀ ಕಮಾನಿನ ತೂಕ 3,800 ಪೌಂಡಿಗೆ, ಅಂದರೆ 1,700 ಕಿಲೋಗ್ರಾಮಿಗೆ, ಹತ್ತಿರವಾಗುವುದು. ಮನೆಯ ನೆಲದ ವಿಸ್ತಾರ 1,200 ಚದರಡಿ. ಮೇಲೆ ಹೇಳಿದ 65 ಪೌಂಡಿನಲ್ಲಿ ಅರ್ಧ ಮಾತ್ರ ಮೇಲ್ಮುಖವಾಗಿ ಎಳೆದರೂ ಒಟ್ಟು ಸೆಳೆತವು 39,000 ಪೌಂಡು, ಎಂದರೆ ಹದಿನೇಳೂವರೆ ಟನ್ನಿಗೆ ಮೇಲ್ಪಟ್ಟು! ಮನೆಯ ತೂಕಕ್ಕಿಂತ ಇದು ಹತ್ತು ಪಟ್ಟು. ಗಾಳಿಯ ಪಾಲಿಗೆ ಆ ಮನೆಯು ಕಟ್ಟಡವಲ್ಲ, ಬೋರಲು ಹಾಕಿದ ಮೊರ.

ಈ ಸೆಳೆತವನ್ನು ಹಿಡಿಯತಕ್ಕದ್ದು ನೆಲದಲ್ಲಿರುವ ಕಾಂಕ್ರೀಟು. ಎರಡು ಪಕ್ಕಗಳ 80 ಅಡಿ ಉದ್ದಕ್ಕೆ ಹಂಚಿದರೆ ಅಡಿಯೊಂದಕ್ಕೆ ಸುಮಾರು 490 ಪೌಂಡು ಬೀಳುವುದು. ಕಾಂಕ್ರೀಟಿನ ತೂಕ ಘನ ಅಡಿಗೆ ಸುಮಾರು 150 ಪೌಂಡು. ಒಂದು ಅಡಿ ಅಗಲ ಒಂದು ಅಡಿ ಆಳದ ಪಾಯ ತೆಗೆದು "ಭದ್ರವಾಯಿತು" ಎಂದು ಮೇಸ್ತ್ರಿಯು ಹೇಳಿದರೆ, ಬೇಕಾದುದರಲ್ಲಿ ಮೂರನೆಯ ಒಂದು ಪಾಲು ಕೂಡ ಆಗಲಿಲ್ಲವೆಂದು ಯಜಮಾನನು ತಿಳಿಯಬೇಕು. ಅಡಿಗೆ ಮೂರು ಘನ ಅಡಿಗೆ ಮೇಲ್ಪಟ್ಟ ಕಾಂಕ್ರೀಟನ್ನು, ಕಬ್ಬಿಣದ ಸರಳುಗಳಿಂದ ಮನೆಯ ನೆಲಗಟ್ಟಿಗೆ ಹೆಣೆದು ಹಾಕಿದಾಗ ಮಾತ್ರ ಲೆಕ್ಕವು ಸರಿಹೋಗುವುದು. ಇದು ತಿಳಿವಳಿಕೆಗಾಗಿ ಮಾಡಿದ ಸ್ಥೂಲ ಗಣನೆ. ಕಟ್ಟುವವನು ಸ್ಥಳದ ಮಣ್ಣನ್ನೂ ಗಾಳಿಯನ್ನೂ ನೋಡಿ ಇಂಜಿನಿಯರನಿಂದ ನಿಜವಾದ ಲೆಕ್ಕವನ್ನು ಮಾಡಿಸತಕ್ಕದ್ದು. ಅಗ್ಗಕ್ಕೆ ಸಿಕ್ಕಿತೆಂದು ತಗಡನ್ನು ಕೊಂಡವರು ಪಾಯದ ಖರ್ಚು ಕಂಡು ಬೆದರಿ, ಅಲ್ಲಿಯೇ ಕೈ ಹಿಡಿಯುವುದುಂಟು. ಉಳಿತಾಯಕ್ಕೆ ಅದಕ್ಕಿಂತ ಕೆಟ್ಟ ಸ್ಥಳ ಬೇರೊಂದಿಲ್ಲ.

ಕಮಾನನ್ನು ಪಾಯಕ್ಕೆ ಕಚ್ಚಿಸುವ ಕ್ರಮಗಳು ಎರಡು. ಪಾಯದ ನೆತ್ತಿಯಲ್ಲಿ ಉದ್ದಕ್ಕೂ ತೋಡು ಬಿಟ್ಟು, ಅದರಲ್ಲಿ ತಗಡಿನ ಕಾಲನ್ನು ಇಳಿಸಿ, ಸಿಮೆಂಟು ಗಾರೆಯಿಂದ ತುಂಬಿಬಿಡುವುದು ಒಂದು. ಪಾಯದ ಮೇಲೆ ಉಕ್ಕಿನ ಪಟ್ಟಿಯನ್ನು ಕೂರಿಸಿ, ಕಾಂಕ್ರೀಟಿನಲ್ಲಿ ಹುದುಗಿಸಿದ ಬೋಲ್ಟುಗಳಿಂದ ಬಿಗಿದು, ಆ ಪಟ್ಟಿಗೆ ಕಮಾನನ್ನು ಬೋಲ್ಟು ಮಾಡುವುದು ಇನ್ನೊಂದು. ಮೊದಲನೆಯ ಕ್ರಮದಲ್ಲಿ ಒಂದು ಕಣ್ಣಿಗೆ ಕಾಣದ ಶತ್ರುವುಂಟು. ಈಗಿನ ತಗಡುಗಳಿಗೆ ಬಳಿಯುವ ಲೇಪವು ನೂರಕ್ಕೆ 55 ಪಾಲು ಅಲ್ಯೂಮಿನಿಯಂ, ಮಿಕ್ಕದ್ದರಲ್ಲಿ ಬಹುಪಾಲು ಸತುವು. ತುಕ್ಕಿಗೆ ಇದು ಚೆನ್ನಾಗಿ ತಡೆಯುವುದಾದರೂ, ಒದ್ದೆಯಾದ ಸಿಮೆಂಟಿನ ಕ್ಷಾರವು ಅಲ್ಯೂಮಿನಿಯಮ್ಮನ್ನು ತಿನ್ನುವುದು. ಕಾಲನ್ನು ತೋಡಿಗೆ ಇಳಿಸುವ ಮುಂಚೆ ಡಾಂಬರಿನ ಜಾತಿಯ ಲೇಪವನ್ನು ಬಳಿಯದೆ, ಹೊರಗಡೆ ನೀರು ನಿಲ್ಲದಂತೆ ಗಾರೆಗೆ ಇಳಿಜಾರು ಕೊಡದೆ ಹೋದರೆ, ಹಿಡಿದುಕೊಳ್ಳಬೇಕಾದ ಜಾಗದಲ್ಲಿಯೇ ತಗಡು ಸವೆಯುತ್ತ ಬರುವುದು; ಮೇಲಿನ ಕಮಾನು ಹೊಸದರಂತೆ ಹೊಳೆಯುತ್ತಲೇ ಇರುವುದು. ಕಡಲ ತೀರದ ಉಪ್ಪುಗಾಳಿಯಲ್ಲಿ ಈ ಕೆಡುಕು ಇನ್ನೂ ಬೇಗ.

ಇನ್ನು ಕಮಾನಿನ ಎರಡು ಬಾಯಿಗಳ ವಿಚಾರ. ಮೇಲ್ಕಂಡ ಮನೆಯ ಒಂದೊಂದು ಬಾಯಿಯ ವಿಸ್ತಾರವೂ 353 ಚದರಡಿ. ಕಮಾನು ಗುಂಡಾಗಿದ್ದರೂ ಬಾಯಿಯ ಗೋಡೆ ಚಪ್ಪಟೆ. 160 ಮೈಲಿಯ ಗಾಳಿಯು ನೇರವಾಗಿ ಬಡಿದರೆ ಅದರ ಮೇಲೆ ಹತ್ತು ಟನ್ನಿಗೆ ಮೇಲ್ಪಟ್ಟ ಒತ್ತಡ ಬೀಳುವುದು. ಹೀಗಿರುವಲ್ಲಿ ಮಾರಾಟದ ಬೆಲೆಯಲ್ಲಿ ಬಾಯಿಯ ಗೋಡೆಗಳು ಸೇರಿರದೆ ಇರುವುದು ಸಾಮಾನ್ಯ. ಕೊಂಡವನು ತೆಳು ತಗಡನ್ನೋ ಮರದ ಚೌಕಟ್ಟನ್ನೋ ನಿಲ್ಲಿಸಿ, ನಡುವೆ ಲಾರಿ ನುಗ್ಗುವಷ್ಟು ದೊಡ್ಡ ಸುರುಳಿ ಬಾಗಿಲನ್ನು ಇಡುತ್ತಾನೆ. ಆ ಬಾಗಿಲು ಒಳಕ್ಕೆ ಕಿತ್ತುಬಂದ ಕ್ಷಣದಲ್ಲಿ ಗಾಳಿಯು ಒಳನುಗ್ಗಿ ಕಮಾನನ್ನು ಒಳಗಿನಿಂದ ಮೇಲಕ್ಕೆ ನೂಕುವುದು. ಹೊರಗಿನ ಗಾಳಿ ನೆತ್ತಿಯನ್ನು ಮೇಲಕ್ಕೆ ಸೆಳೆಯುತ್ತಲೇ ಇರುವುದು. ಎರಡು ಬಲಗಳೂ ಕೂಡಿದರೆ, ಬಿರುಗಾಳಿಗೆ ಎದುರಾಗಿ ಹಿಡಿದ ಕೊಡೆಯು ಏನಾಗುವುದೋ ಕಮಾನೂ ಅದೇ ಆಗುವುದು. ದಕ್ಷಿಣ ಫ್ಲಾರಿಡಾದಲ್ಲಿ ಮನೆಗಳ ಗೋಡೆಗಳನ್ನು ಟೊಳ್ಳು ಕಾಂಕ್ರೀಟು ಇಟ್ಟಿಗೆಗಳಿಂದ ಕಟ್ಟಿ, ಸರಳುಗಳನ್ನು ನಿಲ್ಲಿಸಿ ಟೊಳ್ಳಿನಲ್ಲಿ ಕಾಂಕ್ರೀಟು ತುಂಬುವ ಪದ್ಧತಿ ಬಹಳವಾಗಿದೆ. ಕಮಾನು ಮನೆಯ ಬಾಯಿಗಳಿಗೂ ಅದೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಬಾಗಿಲು ಎಷ್ಟು ಚಿಕ್ಕದಾದರೆ ಅಷ್ಟು ಮೇಲು. ಪಕ್ಕದ ಕಮಾನಿನಲ್ಲಿ ಕಿಟಕಿಗಾಗಿ ತಗಡನ್ನು ಕೊಯ್ಯುವುದನ್ನಂತೂ ಇಂಜಿನಿಯರನ ನಕ್ಷೆಯಿಲ್ಲದೆ ಮಾಡಲೇಬಾರದು. ಯಾವ ಕಾರಣವೆಂದರೆ ಅಲ್ಲಿ ತಗಡೇ ಕಂಬ, ತಗಡೇ ತೊಲೆ.

ಗಾಳಿಯೊಂದಿಗೆ ಹಾರಿಬರುವ ವಸ್ತುಗಳಿಂದಲೂ ಅಪಾಯವುಂಟು. ಅಲ್ಲಿಯ ಪರೀಕ್ಷಾಶಾಲೆಗಳಲ್ಲಿ ಕಿಟಕಿ ಬಾಗಿಲುಗಳ ಮೇಲೆ 9 ಪೌಂಡು ತೂಕದ ಮರದ ತುಂಡನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ಹೊಡೆದು ನೋಡುವರು. ಮಯಾಮಿ-ಡೇಡ್ ಮತ್ತು ಬ್ರೋವಾರ್ಡ್ ಎಂಬ ಎರಡು ಜಿಲ್ಲೆಗಳಿಗೆ ನಿಯಮಗಳು ಎಲ್ಲಕ್ಕಿಂತ ಬಿಗಿ. ಮಯಾಮಿ-ಡೇಡ್‌ನಲ್ಲಿ ಸಾಮಾನ್ಯ ವಾಸದ ಮನೆಯನ್ನು ಘಂಟೆಗೆ 175 ಮೈಲಿ ವೇಗದ ಗಾಳಿಗೆ ಲೆಕ್ಕಹಾಕಿ ಕಟ್ಟತಕ್ಕದ್ದು.

ಜಮೀನುದಾರರು ವಿಶೇಷವಾಗಿ ಗಮನಿಸತಕ್ಕ ಒಂದು ಕಾನೂನು ಅಲ್ಲಿದೆ. ವ್ಯವಸಾಯದ ಜಮೀನಿನಲ್ಲಿ ವಾಸಕ್ಕಲ್ಲದೆ ಕೃಷಿಯ ಉಪಯೋಗಕ್ಕೆ ಮಾತ್ರ ಕಟ್ಟುವ ಕಟ್ಟಡಕ್ಕೆ ಫ್ಲಾರಿಡಾದ ಕಟ್ಟಡ ಸಂಹಿತೆಯಿಂದ ವಿನಾಯಿತಿಯುಂಟು. ಪ್ರವಾಹದ ನಿಬಂಧನೆಗಳು ಮಾತ್ರ ತಪ್ಪವು. ಟ್ರಾಕ್ಟರು, ಗೊಬ್ಬರ, ಹುಲ್ಲು ಇವನ್ನಿಡಲು ಕಮಾನೊಂದನ್ನು ನಿಲ್ಲಿಸಬಹುದು. ಆದರೆ ಅದರ ಒಂದು ಮೂಲೆಯಲ್ಲಿ ಮಂಚ ಹಾಕಿ, ಒಲೆ ಹೂಡಿ, ಸಂಸಾರವನ್ನು ತಂದಿರಿಸಿದ ದಿನ ಆ ವಿನಾಯಿತಿಯು ತಪ್ಪಿತು. ಯಂತ್ರಕ್ಕಾಗಿ ನಿಂತ ತಗಡು ಮಕ್ಕಳು ಮಲಗುವ ಮನೆಯಾಗಬೇಕಾದರೆ, ಆ ಸಂಸ್ಥಾನದಲ್ಲಿ ಸನ್ನದು ಪಡೆದ ಇಂಜಿನಿಯರನ ಮುದ್ರೆಯುಳ್ಳ ನಕ್ಷೆ, ಪರವಾನಗಿ, ತಪಾಸಣೆ ಎಲ್ಲವೂ ಬೇಕು. ಕಾರ್ಖಾನೆಯವರು ತಗಡಿನ ಜತೆಯಲ್ಲಿ ಕಳುಹಿಸುವ ಸಾಮಾನ್ಯ ನಕ್ಷೆಯು ಸಾಲದು. ಅದರಲ್ಲಿ ಕಾಣಿಸಿದ ಗಾಳಿಯ ವೇಗವೂ ಕಟ್ಟುವ ಸ್ಥಳದ ವೇಗವೂ ಒಂದೇ ಆಗಿರುವುದೇ ಎಂದು ಹಣ ಕೊಡುವ ಮುಂಚೆ ನೋಡಬೇಕು.

ನೀರಿನ ಮಾತು ಬೇರೆ. 2018 ನೆಯ ಅಕ್ಟೋಬರ್ 10 ರಂದು ಮೈಕೇಲ್ ಎಂಬ ಹರಿಕೇನ್ 160 ಮೈಲಿ ವೇಗದಲ್ಲಿ ಮೆಕ್ಸಿಕೋ ಬೀಚ್ ಎಂಬ ಊರಿನ ಬಳಿ ನೆಲಕ್ಕೆ ಹಾಯ್ದಾಗ, ಗಾಳಿ ಬಿಟ್ಟ ಮನೆಗಳನ್ನು ಉಬ್ಬಿಬಂದ ಕಡಲು ತೊಳೆದುಕೊಂಡು ಹೋಯಿತು. ಸಮೀಪದ ಟಿಂಡಾಲ್ ವಿಮಾನ ನೆಲೆಯಲ್ಲಿ ವಿಮಾನ ನಿಲ್ಲಿಸುವ ದೊಡ್ಡ ದೊಡ್ಡ ಲೋಹದ ಕಟ್ಟಡಗಳೂ ಸೀಳಿಹೋದುವು. ಅಲೆಗಳು ಬಡಿಯಬಹುದಾದ ತೀರಪ್ರದೇಶದಲ್ಲಿ ವಾಸದ ಮನೆಯನ್ನು ಎತ್ತರವಾದ ಕಂಬಗಳ ಮೇಲೆಯೇ ಕಟ್ಟಬೇಕೆಂಬ ನಿಬಂಧನೆಯಿದೆ. ಕಮಾನು ಮನೆಯಾದರೋ ನೆಲವನ್ನು ಅಪ್ಪಿಕೊಂಡು ನಿಲ್ಲುವಂಥದು. ಅಂತಹ ಸ್ಥಳದಲ್ಲಿ ಅದರ ಯೋಚನೆಯನ್ನೇ ಬಿಡುವುದು ವಿವೇಕ.

ಸೆಕೆಯ ವಿಚಾರವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಬರಿಯ ತಗಡಿನ ಕೆಳಗೆ ಬೇಸಿಗೆಯ ಮಧ್ಯಾಹ್ನ ಕುಳಿತವರಿಗೆ ಅದು ಗೊತ್ತು. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಉಸಿರಿನ ತೇವವು ಅದರ ಮೇಲೆ ಹನಿಗಟ್ಟಿ ತೊಟ್ಟಿಕ್ಕುವುದನ್ನು ಮಾತ್ರ ಅನೇಕರು ಮುಂಚಿತವಾಗಿ ಯೋಚಿಸುವುದಿಲ್ಲ. ತಗಡಿನ ಒಳಮೈಗೆ ನೊರೆಯ ರೂಪದಲ್ಲಿ ಸಿಂಪಡಿಸಿ ಗಟ್ಟಿಯಾಗುವ ಶಾಖನಿರೋಧಕವನ್ನು ಅಲ್ಲಿ ಹಚ್ಚುವರು. ಅದು ಸೆಕೆಯನ್ನೂ ಹನಿಯನ್ನೂ ಒಟ್ಟಿಗೆ ತಡೆಯುವುದು. ಧಾನ್ಯ ತುಂಬುವವರಿಗೆ ಈ ಹನಿಯು ಸೆಕೆಗಿಂತ ದೊಡ್ಡ ಶತ್ರು.

ನಿಲ್ಲಿಸುವ ಕೆಲಸವನ್ನು ಹರಿಕೇನ್ ಋತುವಿನ ಹೊರಗೆ ಮಾಡತಕ್ಕದ್ದು. ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಕಮಾನು ಮಾಡಿ, ಹಗ್ಗದಿಂದಲೋ ಯಂತ್ರದಿಂದಲೋ ಎತ್ತಿ, ಮೊದಲನೆಯದನ್ನು ಎರಡು ಕಡೆಯಿಂದಲೂ ಮಿಣಿಕಟ್ಟಿ ನಿಲ್ಲಿಸುವರು. ಬಾಯಿಯ ಗೋಡೆಗಳಿಲ್ಲದೆ, ನಾಲ್ಕಾರು ಕಮಾನುಗಳು ಮಾತ್ರ ನಿಂತಿರುವ ಸ್ಥಿತಿಯೇ ಎಲ್ಲಕ್ಕಿಂತ ಅಪಾಯಕರ. ಸಾಧಾರಣ ಗಾಳಿಯೂ ಅದನ್ನು ಮಡಿಚಿಹಾಕಬಹುದು. ಬೋಲ್ಟುಗಳನ್ನು ಮೊದಲು ಕೈಬಿಗಿಯಾಗಿ ತಿರುಗಿಸಿ, ಹಲವು ಕಮಾನುಗಳು ಸಾಲಿಗೆ ಬಂದ ಮೇಲೆ ಪೂರ್ತಿಯಾಗಿ ಬಿಗಿಯುವರು. ಮೊದಲೇ ಬಿಗಿದರೆ ಮುಂದಿನ ರಂಧ್ರಗಳು ಕೂಡಿಬರುವುದಿಲ್ಲ. ಆಳುಗಳು ಸಬ್ಬಲಿನಿಂದ ರಂಧ್ರವನ್ನು ಅಗಲಿಸತೊಡಗುವರು. ತಗಡಿನ ದಪ್ಪವನ್ನು ಗೇಜಿನ ಅಂಕೆಯಿಂದ ಗುರುತಿಸುವುದರಿಂದ, ಅಂಕೆ ದೊಡ್ಡದಾದಷ್ಟೂ ತಗಡು ತೆಳು ಎಂಬುದನ್ನು ಕೊಳ್ಳುವವರು ಮರೆಯಬಾರದು. 22 ನೆಯ ಗೇಜು ಸುಮಾರು ಮುಕ್ಕಾಲು ಮಿಲಿಮೀಟರು, 16 ನೆಯದು ಸುಮಾರು ಒಂದೂವರೆ ಮಿಲಿಮೀಟರು.

ನಮ್ಮ ಸೀಮೆಗೆ ಇದರಲ್ಲಿ ಅನ್ವಯಿಸುವುದೇನು? ಭಾರತೀಯ ಮಾನಕದಂತೆ ಗಾಳಿಯ ಮೂಲವೇಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು, ಮಂಗಳೂರಿಗೆ 39, ವಿಶಾಖಪಟ್ಟಣಕ್ಕೆ 50. ಘಂಟೆಯ ಲೆಕ್ಕಕ್ಕೆ ತಂದರೆ ಕ್ರಮವಾಗಿ ಸುಮಾರು 119, 140, 180 ಕಿಲೋಮೀಟರು. ಎರಡು ದೇಶಗಳ ಗಣನೆಯ ಕ್ರಮ ಬೇರೆಯಾದುದರಿಂದ ಇವನ್ನು ಫ್ಲಾರಿಡಾದ ಅಂಕೆಗಳೊಡನೆ ನೇರವಾಗಿ ಹೋಲಿಸಲಾಗದು. ನಮ್ಮ ಕರಾವಳಿಗೆ ಚಂಡಮಾರುತವು ಅಪರೂಪವಾದರೂ, 2021 ನೆಯ ಮೇ ತಿಂಗಳಿನಲ್ಲಿ ತೌಕ್ತೆಯು ತೀರದ ಪಕ್ಕದಲ್ಲಿಯೇ ಹಾದುಹೋಯಿತು. ಒಳನಾಡಿನಲ್ಲಿಯೂ ಮುಂಗಾರಿಗೆ ಮುಂಚಿನ ಗುಡುಗುಮಳೆಯ ಗಾಳಿಗೆ ತಗಡಿನ ಛಾವಣಿಗಳು ಹಾರಿಹೋಗದ ವರ್ಷವಿಲ್ಲ. ಹಾರಿದ ತಗಡಿನ ಮೇಲೆ ಕಲ್ಲು ಹೇರಿಡುವ ನಮ್ಮ ಹಳೆಯ ಉಪಾಯವು ಉಪಾಯವಲ್ಲ. ಗಾಳಿ ಹೆಚ್ಚಾದರೆ ತಗಡಿನೊಡನೆ ಕಲ್ಲೂ ಕೆಳಗೆ ಬರುವುದು, ಕೆಳಗೆ ಮಲಗಿದವರ ಮೇಲೆ. ಕೊಳವೆಗಳ ಕಮಾನಿನ ಮೇಲೆ ಹಾಳೆ ಹೊದಿಸಿದ ಪಾಲಿಹೌಸುಗಳಲ್ಲಿ ಹೂವು ತರಕಾರಿ ಬೆಳೆಯುವವರೂ ಸಾಲ ಮಾಡಿ ಅದನ್ನು ನಿಲ್ಲಿಸಿರುತ್ತಾರೆ. ಅವರ ಕೊಳವೆಯ ಕಾಲುಗಳಿಗೂ, ಬಾಗಿಲಿಗೂ, ಮೇಲೆ ಮಾಡಿದ ಲೆಕ್ಕವೇ ಲೆಕ್ಕ. ಗ್ರಾಮದ ಪ್ರಮುಖರು ತಮ್ಮಲ್ಲಿ ಯಾರಾದರೂ ಇಂತಹ ಉಗ್ರಾಣವನ್ನೋ ಪಾಲಿಹೌಸನ್ನೋ ಹಾಕಿಸುವಾಗ, ಪಾಯದ ಗುಂಡಿಗೆ ಕಾಂಕ್ರೀಟು ಬೀಳುವ ಮೊದಲು ಹೋಗಿ ಅಳತೆಗೋಲನ್ನು ಇಳಿಸಿ ನೋಡುವುದು ಒಳ್ಳೆಯದು. ಮುಚ್ಚಿದ ಮೇಲೆ ನೋಡುವುದಕ್ಕೆ ಏನೂ ಇರುವುದಿಲ್ಲ.

ವರ್ಷಕ್ಕೊಮ್ಮೆ ಬೋಲ್ಟುಗಳನ್ನು ತಟ್ಟಿ ನೋಡಿ ಸಡಿಲವಾದುದನ್ನು ಬಿಗಿಯಬೇಕು. ಕಮಾನಿನ ಕಾಲಿನ ಸುತ್ತ ಬಿದ್ದ ಎಲೆ ಮಣ್ಣುಗಳನ್ನು ಗುಡಿಸಿ, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಹಚ್ಚಿ, ಬಾಗಿಲಿನ ಅಗುಳಿ ಕೀಲುಗಳನ್ನು ಪರೀಕ್ಷಿಸಬೇಕು. ಫ್ಲಾರಿಡಾದವರು ಇದನ್ನು ಮೇ ತಿಂಗಳೊಳಗೆ ಮುಗಿಸಬೇಕು. ನಮಗೆ ಚೈತ್ರ ವೈಶಾಖಗಳಲ್ಲಿಯೇ ಗಾಳಿ ಏಳುವುದರಿಂದ, ಮಾಘದಲ್ಲಿ ಕಣದ ಕೆಲಸ ತೀರಿದೊಡನೆ ಕೈಗೊಳ್ಳತಕ್ಕದ್ದು.